ಬೇಸ್‌ಬಾಲ್ ಅಳಿಯ

ಕ್ಯಾನ್ಸಸ್ಸಿನ ಆ ಗೋಧಿ ಊರಿನ ಇತಿಹಾಸವನ್ನು ಯಾರಾದರೂ ಬರೆಯುವುದಾದರೆ, ಮೇ ತಿಂಗಳ ಒಂದು ಭಾನುವಾರದ ಮಧ್ಯಾಹ್ನಕ್ಕೆ ಅಧ್ಯಾಯವೊಂದನ್ನು ಮೀಸಲಿಡಬೇಕಾಗುತ್ತದೆ. ಅಂದು ಆರ್ಡಿತ್ ಕೇನ್ ಎಂಬ ಹಿರಿಯ ಹೆಂಗಸು ಚರ್ಚಿನಿಂದ ಬಂದು, ಮನೆಮಂದಿಗೆಲ್ಲ ಪಿಂಗಾಣಿ ತಟ್ಟೆಯಿಟ್ಟು, ಅಳಿಯನೊಬ್ಬನಿಗೆ ಮಾತ್ರ ಕಾಗದದ ತಟ್ಟೆಯಲ್ಲಿ ಬಡಿಸಿದರು.

ಅಳಿಯ ವರ್ಲಿನ್ ಅದನ್ನು ಗಮನಿಸಲೇ ಇಲ್ಲ. ಅವನು ಊರಿನ ಕಾಲೇಜಿನ ಬೇಸ್‌ಬಾಲ್ ಕೋಚ್; ಅತ್ತೆ ಅದೇ ಕಾಲೇಜಿನ ಆಡಳಿತ ಮಂಡಳಿಯ ಸದಸ್ಯೆ. ಬಸ್ಸಿನಲ್ಲಿ, ಬೆಂಚಿನ ಮೇಲೆ, ಹುಲ್ಲು ಕತ್ತರಿಸುವ ಯಂತ್ರದ ಮೇಲೆ ಕೂತು ಕಾಗದದ ತಟ್ಟೆಯಲ್ಲಿ ಉಂಡೇ ಅವನ ಅರ್ಧ ಆಯುಷ್ಯ ಕಳೆದಿತ್ತು. ಗಮನಿಸಿದವಳು ಅವನ ಹೆಂಡತಿ, ಆರ್ಡಿತ್ ಅವರ ಮಗಳು ಲೋರ್ನಾ. ಅವಳು ಚಮಚ ಕೆಳಗಿಟ್ಟಳು.

"ತಟ್ಟೆ ಕಡಮೆ ಬಿತ್ತಾ ಅಮ್ಮ?"

"ದುಡಿಯೋರಿಗೆ ಸಾಕಾಗೋಷ್ಟಿದೆ. ಆಟ ಆಡೋರಿಗೆ ಇದು ಸಾಕು" ಎಂದ ಆರ್ಡಿತ್, ಉಪ್ಪು ದಾಟಿಸುವಷ್ಟೇ ಸಹಜವಾಗಿ ಮುಂದುವರಿಸಿದರು. "ಶನಿವಾರ ಫೈನಲ್ ಅಲ್ವಾ? ಈ ಸಲಾನೂ ಕಪ್ ಬರದಿದ್ರೆ, ಸೋಮವಾರ ಆಡಳಿತ ಮಂಡಳೀಲಿ ನಾನೇ ಹೇಳ್ತೀನಿ, ಬೇರೆ ಕೋಚ್ ನೋಡ್ಕೊಳ್ಳಿ ಅಂತ. ನಮ್ಮ ಟ್ರ್ಯಾಕ್ಟರ್ ಅಂಗಡೀಲಿ ಬಿಡಿಭಾಗದ ಕೌಂಟರ್ ಖಾಲಿ ಇದೆ."

"ಕುರ್ಚಿ ಕೊಡ್ತೀರಾ ಅತ್ತೆ?" ವರ್ಲಿನ್ ಕೇಳಿದ.

"ನಿಂತು ಅಭ್ಯಾಸ ಇದೆಯಲ್ಲ."

ಲೋರ್ನಾಳ ಅಣ್ಣ ಗ್ಲೆನ್ ಒಬ್ಬನೇ ನಕ್ಕ. ಅಮ್ಮನ ಮುಖ ನೋಡಿ ನಗುವನ್ನು ಆಲೂಗಡ್ಡೆಯ ಜೊತೆ ನುಂಗಿಕೊಂಡ.

ಈ ಹಗೆಯ ಬೇರು ಗ್ಲೆನ್‌ನ ಬಲಮೊಣಕೈಯಲ್ಲಿತ್ತು. ಹರೆಯದಲ್ಲಿ ಅವನು ಇದೇ ಕಾಲೇಜಿನ ತಂಡದಲ್ಲಿ ಚೆಂಡೆಸೆಯುತ್ತಿದ್ದ. ಆಗಿನ ಮುದಿ ಕೋಚ್, ಕಪ್ಪಿನ ಆಸೆಗೆ ಬಿದ್ದು, ಕೈ ಸೋತರೂ ಬಿಡದೆ ಎಸೆಸಿ ಎಸೆಸಿ ಅವನ ಮೊಣಕೈಯನ್ನೇ ಹಾಳುಮಾಡಿಬಿಟ್ಟ. ಇಂದಿಗೂ ಆ ಕೈ ಭುಜದ ಮೇಲಕ್ಕೆ ಏಳುವುದಿಲ್ಲ. ಅಂದಿನಿಂದ ಆ ಮನೆಯಲ್ಲಿ ಕೋಚ್ ಎಂಬ ಶಬ್ದವನ್ನು ಗೋಧಿಗೆ ಬೀಳುವ ಮಿಡತೆಯ ಹೆಸರು ಹೇಳುವ ದನಿಯಲ್ಲೇ ಹೇಳುತ್ತಿದ್ದರು. ಸಾಲದ್ದಕ್ಕೆ ಮಗಳು ಹೋಗಿ ಹೋಗಿ ಒಬ್ಬ ಕೋಚನ್ನೇ ಮದುವೆಯಾದಳು... ಅದೂ ಸಾಲದ್ದಕ್ಕೆ ಮೊಮ್ಮಗ ಟೋಬಿ ಬೆಳೆದು, ಅಪ್ಪನ ತಂಡದಲ್ಲೇ ಚೆಂಡೆಸೆಯಲು ನಿಂತ.

"ಮಗನ್ನ ಒಬ್ಬ ಕೋಚ್ ತಿಂದ. ಮೊಮ್ಮಗನ್ನ ಇವನು ತಿಂತಾನೆ" ಎನ್ನುವುದು ಆರ್ಡಿತ್ ಅವರ ದಿನನಿತ್ಯದ ಪ್ರಾರ್ಥನೆಯಂತಾಗಿತ್ತು.

ವರ್ಲಿನ್ ಮೈದಾನದ ಹುಲ್ಲನ್ನು ತಾನೇ ಕತ್ತರಿಸುತ್ತಿದ್ದ, ಸುಣ್ಣದ ಗೆರೆ ತಾನೇ ಎಳೆಯುತ್ತಿದ್ದ, ತಂಡದ ಬಸ್ಸನ್ನೂ ತಾನೇ ಓಡಿಸುತ್ತಿದ್ದ. ಹುಡುಗರ ಸಮವಸ್ತ್ರಗಳ ಕೆಂಪು ಮಣ್ಣು ಲೋರ್ನಾಳ ಬಟ್ಟೆ ಒಗೆಯುವ ಯಂತ್ರದಲ್ಲಿ ಖಾಯಂ ವಾಸವಾಗಿತ್ತು. ಒಮ್ಮೆ ದೊಡ್ಡ ವಿಶ್ವವಿದ್ಯಾಲಯವೊಂದು ಅವನನ್ನು ಕರೆದಿತ್ತು. ಹೋಗಿ ನೋಡಿ, ಅಲ್ಲಿನ ಹುಲ್ಲು ಪ್ಲಾಸ್ಟಿಕ್ಕಿನದು ಎಂದು ವಾಪಸ್ಸು ಬಂದ. ಫೈನಲ್ಲಿಗೆ ಹಲವು ಸಲ ಹೋಗಿದ್ದ, ಪ್ರತಿಸಲವೂ ಸೋತಿದ್ದ.

"ಕೌಂಟರ್ ಹಿಂದೆ ನಿಂತು ಬೋಲ್ಟ್ ಮಾರ್ತೀಯಾ?" ಮನೆಗೆ ಹೋಗುವ ದಾರಿಯಲ್ಲಿ ಲೋರ್ನಾ ಕೇಳಿದಳು. ಅವಳ ಕಣ್ಣು ತುಂಬಿತ್ತು.

"ಬೋಲ್ಟಿಗೆ ಮೊಣಕೈ ನೋಯಲ್ಲ" ಎಂದ. ಊರು ಬಂದಾಗ ಮೈದಾನದ ಮುಂದೆ ಕಾರು ನಿಧಾನಿಸಿ, ಬೇಲಿಯಾಚೆಯ ಹುಲ್ಲನ್ನು ನೋಡಿದ. ಆ ನೋಟದಲ್ಲೇ ಅವಳಿಗೆ ತಿಳಿಯಿತು: ಮೈದಾನ ಬಿಟ್ಟರೆ ಈ ಮನುಷ್ಯ ಉಸಿರಾಡುತ್ತಾನೆ, ಅಷ್ಟೆ.

ಶನಿವಾರ ಕೊನೆಯ ಇನ್ನಿಂಗ್ಸಿನ ಹೊತ್ತಿಗೆ ತಂಡ ಒಂದೇ ಒಂದು ರನ್ನಿನಿಂದ ಮುಂದಿತ್ತು. ಗೆಲ್ಲಲು ಇನ್ನೆರಡು ಔಟ್ ಬೇಕು. ಆದರೆ ಎದುರಾಳಿಗಳಿಬ್ಬರು, ಒಂದು ಒಳ್ಳೆಯ ಹೊಡೆತ ಬಿದ್ದರೆ ಓಡಿ ರನ್ ಗಳಿಸಲು, ಬೇಸ್‌ಗಳ ಮೇಲೆ ಕಾದು ನಿಂತಿದ್ದರು. ಚೆಂಡೆಸೆಯುವ ದಿಬ್ಬದ ಮೇಲೆ ಟೋಬಿ. ಅವನಿಗಿಂತ ಚೆನ್ನಾಗಿ ಎಸೆಯುವವರು ಆ ತಂಡದಲ್ಲಿ ಇರಲಿಲ್ಲ. ಗ್ಯಾಲರಿಯಲ್ಲಿ ಲೋರ್ನಾಳ ಒಂದು ಪಕ್ಕ ಅಮ್ಮ, ಇನ್ನೊಂದು ಪಕ್ಕ ಸೂರ್ಯಕಾಂತಿ ಬೀಜ ಜಗಿಯುತ್ತ ಗ್ಲೆನ್.

ಟೋಬಿ ಒಂದು ಚೆಂಡೆಸೆದ. ಟೋಪಿ ಜಾರಿತು. ಅವನ ಬಲಗೈ ಖಾಲಿಯಿತ್ತು. ಆದರೂ ಎಡಗೈಯ ಗವಸನ್ನು ಕಳಚಿ, ಕಂಕುಳಲ್ಲಿ ಸಿಕ್ಕಿಸಿಕೊಂಡು, ಎಡಗೈಯಿಂದ ಟೋಪಿ ಸರಿಮಾಡಿಕೊಂಡ.

ಗ್ಲೆನ್ ಜಗಿಯುವುದನ್ನು ನಿಲ್ಲಿಸಿದ. ಆರ್ಡಿತ್ ಮಗಳ ಮಣಿಕಟ್ಟನ್ನು ಹಿಡಿದುಕೊಂಡರು.

"ನೋಡಿದ್ಯಾ? ಗ್ಲೆನ್ನೂ ಅವತ್ತು ಹಂಗೇ ಮಾಡಿದ್ದ... ಆ ಮುದುಕ ನೋಡಿದ್ದ ಕಣೇ. ನೋಡಿಯೂ ಸುಮ್ನೆ ಕೂತಿದ್ದ. ಇವನೂ ಕೂರ್ತಾನೆ. ಕಪ್ ಬೇಕಲ್ಲ." ಅವರ ದನಿ ಒಡೆಯಿತು. "ಕಪ್ ತಗೊಂಡು ಬಾ ಅಂದಿದ್ದು ನಾನೇ ಅಲ್ವೇನೇ..."

"ಅಮ್ಮ, ಅಲ್ಲಿ ನೋಡು" ಎಂದಳು ಲೋರ್ನಾ.

ವರ್ಲಿನ್ ಆಗಲೇ ದಿಬ್ಬದ ಕಡೆ ನಡೆಯುತ್ತಿದ್ದ. ಅಪ್ಪ ಮಗನ ಮಾತು ಗ್ಯಾಲರಿಗೆ ಕೇಳಿಸುವಂತಿರಲಿಲ್ಲ. ಲೋರ್ನಾಗೆ ಕೇಳಿಸಬೇಕಾಗಿಯೂ ಇರಲಿಲ್ಲ. ಕೈ ಚೆನ್ನಾಗಿದೆ ಎಂದು ಟೋಬಿ ಹೇಳಿರುತ್ತಾನೆ. ಚೆಂಡೆಸೆಯುವವರೆಲ್ಲ ಹುಟ್ಟಿನಿಂದ ಕಲಿತ ಸುಳ್ಳು ಅದೊಂದೇ. ವರ್ಲಿನ್ ವಾದಿಸಲಿಲ್ಲ. ಚೆಂಡು ಕೊಟ್ಟು ಹೊರಗೆ ಬಾ ಎಂಬಂತೆ ಅಂಗೈ ಚಾಚಿ ನಿಂತ. ಟೋಬಿ ಮತ್ತೆ ಕೈಗೆ ಬಂದಿದ್ದ ಚೆಂಡನ್ನು ಬೆನ್ನ ಹಿಂದಕ್ಕೆ ಒಯ್ದ. ಅಂಗೈ ಹಾಗೆಯೇ ಇತ್ತು. ಕೊನೆಗೆ ಟೋಬಿ ತಲೆ ತಗ್ಗಿಸಿ ಚೆಂಡನ್ನು ಅದರಲ್ಲಿಟ್ಟ.

ಹಿಂದಿನ ಸಾಲಿನಿಂದ ಒಬ್ಬ ಗೊಣಗಿದ. "ಹೋಯ್ತು ಕಪ್. ಕೋಚ್ ಕೆಲಸಾನೂ ಹೋಯ್ತು. ತಲೆ ಕೆಟ್ಟಿದೆ ಇವನಿಗೆ."

ಆರ್ಡಿತ್ ಎದ್ದು ನಿಂತು ತಿರುಗಿದರು. "ಬಾಯ್ಮುಚ್ಕೊಂಡು ಕೂತ್ಕೊಳ್ಳಿ. ಅವನು ನನ್ನ ಅಳಿಯ. ಇವತ್ತು ಸೋತ್ರೂ ಸೋಮವಾರ ನನ್ನ ಕೈ ಅವನ ಪರವಾಗೇ ಏಳತ್ತೆ."

"ಎರಡೂ ಕೈ ಎತ್ತಮ್ಮ" ಎಂದ ಗ್ಲೆನ್. "ಒಂದು ನಂದು ಅಂತ ಇರ್ಲಿ."

ಲೋರ್ನಾ ಅತ್ತಳೋ ನಕ್ಕಳೋ ಅವಳಿಗೇ ಗೊತ್ತಾಗಲಿಲ್ಲ.

ಟೋಬಿಯ ಜಾಗಕ್ಕೆ ಬಂದವನು ಮೈಲೋ ಎಂಬ ದಢೂತಿ ಹುಡುಗ. ಅವನ ಚೆಂಡು ಎಷ್ಟು ನಿಧಾನವೆಂದರೆ ದಾರಿಯಲ್ಲಿ ಯಾರನ್ನಾದರೂ ಮಾತಾಡಿಸಿಕೊಂಡು ಬರುತ್ತಿದೆಯೇನೋ ಎನ್ನಬೇಕು. ಇಡೀ ಮಧ್ಯಾಹ್ನ ಟೋಬಿಯ ಬಿರುಸಿಗೆ ಒಗ್ಗಿದ್ದ ಎದುರಾಳಿ, ಚೆಂಡು ತಲುಪುವ ಮೊದಲೇ ಮೂರು ಸಲ ದೊಣ್ಣೆ ಬೀಸಿ ಔಟಾದ. ಎರಡನೆಯವನು ಕಾದು ಕಾದು ಹೊಡೆದ. ಚೆಂಡು ನೆಟ್ಟಗೆ ಆಕಾಶಕ್ಕೇರಿತು. ಊರು ಉಸಿರು ಹಿಡಿಯಿತು. ಚೆಂಡು ಇಳಿದು ಮೈಲೋನ ಗವಸಿನೊಳಗೇ ಬಿತ್ತು.

ಹುಡುಗರು ಕೆಂಪು ಧೂಳಿನಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಹೊರಳಾಡಿದರು. ಆರ್ಡಿತ್ ಜನರನ್ನು ಮೊಣಕೈಯಲ್ಲಿ ಸರಿಸುತ್ತ ಮೈದಾನಕ್ಕಿಳಿದು ಅಳಿಯನ ಮುಂದೆ ನಿಂತರು.

"ಹುಡುಗನ ಕೈಗೆ ಐಸ್ ಕಟ್ಟಿದ್ಯೇನೋ, ವರ್ಲಿನ್?"

"ಕಟ್ಟಿದೆ ಅತ್ತೆ."

"ಕಟ್ಟಿರ್ತೀಯ, ಗೊತ್ತು" ಎಂದು ಅವನ ಎದೆಗೆ ಹಣೆಯಿಟ್ಟು ಬಿಕ್ಕಿದರು.

ಟೋಬಿಯ ಕೈಗೆ ಬೇಸಿಗೆಯ ವಿಶ್ರಾಂತಿ ಸಾಕಾಯಿತು. ಸೋಮವಾರ ಆಡಳಿತ ಮಂಡಳಿ ಸಭೆ ಸೇರಿತು. ವರ್ಲಿನ್‌ನ ಕೆಲಸ ಉಳಿಯಿತು.