ವಾರ್ನಿಷ್ ವಾಸನೆ ಮತ್ತು ಇದ್ದಿಲು

"ನಿಮ್ಮ ಅಂಗಡಿ ವಾಸನೆ ಸ್ವಲ್ಪ ಬೇಕಿತ್ತು."

ಮೇಜಿಗೆ ವಾರ್ನಿಷ್ ಬಳಿಯುತ್ತಿದ್ದ ಬಡಗಿ ತಲೆ ಎತ್ತಿದ. ಮೇಲಿನ ಮನೆಯವಳು, ಕಂಕುಳಲ್ಲಿ ತಗಡಿನ ಪೆಟ್ಟಿಗೆ. ವಾಸನೆಗೆ ಅವಳ ಚಿಕ್ಕಮ್ಮ ಕೆಮ್ಮಿ ಕೆಮ್ಮಿ ಸುಸ್ತಾಗಿದ್ದಾರೆ, ತಿಂಗಳೊಳಗೆ ಅಂಗಡಿ ಖಾಲಿ ಮಾಡು ಎಂದು ಮಾಲೀಕರು ಆ ಬೆಳಿಗ್ಗೆಯಷ್ಟೇ ಹೇಳಿ ಹೋಗಿದ್ದರು.

"ದೂರು ಕೊಟ್ಟಿದ್ದು ಸಾಲದು ಅಂತ ಗೇಲಿ ಬೇರೆ ಮಾಡ್ತೀರಾ?"

"ದೂರು ಚಿಕ್ಕಮ್ಮನದು. ಉಪಾಯ ನನ್ನದು," ಎಂದು ಅವಳು ಪೆಟ್ಟಿಗೆ ತೆರೆದಳು. ಒಳಗೊಂದು ಫ್ಯಾನು, ಅದರ ಮುಂದೆ ಜಾಲರಿಯಲ್ಲಿ ಕರಿ ಪುಡಿ. ಲ್ಯಾಬಿನಲ್ಲಿ ಅವಳ ಕೆಲಸವೇ ಅದು: ಕಡಲೆಕಾಯಿ ಸಿಪ್ಪೆಯನ್ನು ಗಾಳಿಯಾಡದಂತೆ ಸುಟ್ಟು, ಆ ಇದ್ದಿಲಿಗೆ ಬಿಸಿ ಹಬೆ ಹಾಯಿಸಿ, ಮೈತುಂಬ ಕಣ್ಣಿಗೆ ಕಾಣದ ತೂತು ಮಾಡುವುದು. ಗಾಳಿಯಲ್ಲಿರುವ ವಿಷದ ಆವಿ ಅದರಲ್ಲಿ ಸಿಕ್ಕಿಕೊಳ್ಳುತ್ತದೆ.

"ಇಷ್ಟೇ ಇಷ್ಟು ಪುಡೀಲಿ ಎಷ್ಟು ಹಿಡಿಸುತ್ತೆ?"

"ಒಂದು ಚಮಚ ಪುಡಿಯ ತೂತುಗಳ ಒಳಮೈಯೆಲ್ಲ ಬಿಡಿಸಿ ಹಾಸಿದ್ರೆ ಈ ಬೀದಿ ಪೂರ್ತಿ ಮುಚ್ಚುತ್ತೆ."

ಅವನು ಬಗ್ಗಿ ನೋಡಿದ. ಅವಳೂ ಬಗ್ಗಿದಳು. ಅವಳ ಮೂಗಿನ ತುದಿಗೆ ಮಸಿ ಮೆತ್ತಿತ್ತು. ಹೇಳಬೇಕೆನಿಸಿತು, ಹೇಳಲಿಲ್ಲ, ನೋಡಲು ಚೆನ್ನಾಗಿತ್ತು.

ಪೆಟ್ಟಿಗೆಯನ್ನು ಅಂಗಡಿಯಲ್ಲಿಟ್ಟ ಎರಡೇ ದಿನಕ್ಕೆ ಮೇಲಿನಿಂದ ಮತ್ತೆ ಕೆಮ್ಮು ಕೇಳಿಸಿತು. ಅವಳು ಸಪ್ಪೆ ಮೋರೆ ಹಾಕಿಕೊಂಡು ಇಳಿದು ಬಂದಳು. "ಪುಡಿ ತುಂಬಿಹೋಗಿದೆ. ಲ್ಯಾಬಲ್ಲಿ ಚೆನ್ನಾಗಿತ್ತು, ಇಲ್ಲಿ ಕೈ ಕೊಟ್ಟಿತು."

"ಹೊಟ್ಟೆ ತುಂಬಿದ್ದಕ್ಕೆ ಪಾಪ ಯಾಕೆ ಬೈತೀರಾ? ದೊಡ್ಡ ಹೊಟ್ಟೆ ಮಾಡೋಣ." ಅವನು ಮೂಲೆಯಿಂದ ಮರದ ಹೊಟ್ಟಿನ ಚೀಲ ಎಳೆದ. "ಇದ್ರಲ್ಲೂ ಇದ್ದಿಲು ಆಗುತ್ತಾ?"

ಅವಳ ಕಣ್ಣರಳಿತು. "ಆಗುತ್ತೆ ಅನ್ಸುತ್ತೆ. ನೋಡೇಬಿಡೋಣ!"

ಹೊಟ್ಟು ಲ್ಯಾಬಿಗೆ ಹೋಗಿ ಇದ್ದಿಲಾಗಿ ಬಂತು. ಅವನು ಎದೆಯೆತ್ತರದ ಪೆಟ್ಟಿಗೆ ಕಟ್ಟಿ, ಇದ್ದಿಲು ತುಂಬಲು ಎಳೆಯುವ ಖಾನೆಗಳನ್ನಿಟ್ಟ. ಅವಳು ಗಾಳಿ ಅಳೆಯುವ ಮೀಟರ್ ಹಿಡಿದು ದಿನಾ ಬಂದಳು. ಮೀಟರ್ ಒಂದು ಕ್ಷಣ ನೋಡುವಳು, ಅವನ ಉಳಿಯ ಓಟವನ್ನು ಬಹಳ ಹೊತ್ತು.

ಗಡುವಿನ ದಿನ ಮಾಲೀಕರು ಬಂದು ಮೂಗರಳಿಸಿದರು. "ಇವತ್ತು ಕೆಲಸ ಇಲ್ವೇನಯ್ಯ?"

ಅವನು ಆಗತಾನೇ ವಾರ್ನಿಷ್ ಬಳಿದು ಮುಗಿಸಿದ್ದ ಬೀರು ತೋರಿಸಿದ. ಮಾಲೀಕರು ಮುಟ್ಟಿದರು, ಬೆರಳು ಅಂಟಿತು. "ಸರಿ, ಇರು," ಎಂದು ಬೆರಳು ಒರೆಸಿಕೊಳ್ಳುತ್ತಾ ಹೋದರು.

ಅವಳು ಮೀಟರನ್ನು ಬ್ಯಾಗಿಗೆ ಹಾಕಿಕೊಂಡಳು. ಅವನಿಗೆ ಅಂಗಡಿ ಉಳಿದ ಖುಷಿಯೇ ಆಗಲಿಲ್ಲ.

"ಈ ಪೆಟ್ಟಿಗೆ ಕೆಟ್ಟೋಗ್ಲಿ ಅನ್ಸುತ್ತೆ," ಎಂದ. "ಆಗ ನೀವು ಮತ್ತೆ ಬರ್ತೀರಲ್ಲ."

ಅವಳು ನಕ್ಕಳು. "ಮೀಟರ್ ನೋಡೋಕೆ ವಾರಕ್ಕೊಂದು ಸಲ ಬಂದಿದ್ರೆ ಸಾಕಿತ್ತು."

"ಮತ್ತೆ ದಿನಾ ಯಾಕೆ ಬಂದ್ರಿ?"

"ಯಾಕೆ ಅಂತ ನನಗೂ ಕುತೂಹಲ. ಗೊತ್ತಾಗೋವರೆಗೂ ಬರೋಣ ಅಂದ್ಕೊಂಡೆ."

"ಗೊತ್ತಾಯ್ತಾ?"

ಅವಳು ಅವನ ವಾರ್ನಿಷ್ ಮೆತ್ತಿದ ಕೈ ಹಿಡಿದಳು.

"ಆಯ್ತು. ಮೇಲೆ ಬಾ. ಚಿಕ್ಕಮ್ಮನಿಗೆ ನೀನೇ ಹೇಳು."