ಕೆಂಪು ದಾರದ ಪೆನ್‌ಡ್ರೈವ್

"ಇದೇನ್ರೀ ಇದು, ಕೀ ಚೈನಾ?"

ಅವರು ನನ್ನೊಡನೆ ಆಡಿದ ಮೊದಲ ಮಾತು ಅದು. ನಮ್ಮ ಬೀಜ ಸಂಗ್ರಹಾಲಯಕ್ಕೆ ಸಂಖ್ಯಾಶಾಸ್ತ್ರದ ಕೆಲಸಕ್ಕೆಂದು ಅವರು ಸೇರಿ ಎರಡು ಗಂಟೆಯೂ ಆಗಿರಲಿಲ್ಲ. ನನ್ನ ಮೇಜಿನ ಮೇಲಿದ್ದ, ಕೆಂಪು ದಾರ ಕಟ್ಟಿದ ಪೆನ್‌ಡ್ರೈವನ್ನು ಎರಡು ಬೆರಳಲ್ಲಿ ಎತ್ತಿ, ಸತ್ತ ಜಿರಳೆಯನ್ನು ನೋಡುವ ಹಾಗೆ ನೋಡುತ್ತಿದ್ದರು.

"ಅಲ್ಲ. ಅದು ನನ್ನ ಒಂಬತ್ತು ವರ್ಷ," ಎಂದೆ. "ಕೆಳಗಿಡಿ."

ಇಟ್ಟರು. ಇಡುವಾಗ ದಾರವನ್ನು ಮೊದಲಿದ್ದಂತೆಯೇ ಸುತ್ತಿ, ಗಂಟು ಎಡಕ್ಕೆ ಬರುವ ಹಾಗೆ ಇಟ್ಟರು. ಅದನ್ನು ನಾನು ಗಮನಿಸಿದೆ. ಗಮನಿಸುವುದೇ ನನ್ನ ಕೆಲಸ.

ತಣ್ಣನೆಯ ಕೋಣೆಯಲ್ಲಿ ವರ್ಷಗಟ್ಟಲೆ ಮಲಗಿರುವ ಬೀಜಗಳಲ್ಲಿ ಕೆಲವನ್ನು ತೆಗೆದು, ಒದ್ದೆ ಕಾಗದ ಹಾಸಿದ ತಟ್ಟೆಯಲ್ಲಿ ಜೋಡಿಸಿ, ದಿನವೂ ಎಷ್ಟು ಮೊಳೆತವೆಂದು ಎಣಿಸಿ ಬರೆಯುವುದು. ಜೀವ ಇದೆಯೋ ಇಲ್ಲವೋ ಎಂಬ ಪ್ರಶ್ನೆಗೆ ಅಂಕಿಯಲ್ಲಿ ಉತ್ತರ ಕೊಡುವುದು. ಸಂಸ್ಥೆಯಲ್ಲಿ ಎಲ್ಲರೂ ನನ್ನನ್ನು ಮೊಳಕೆ ಮೇಡಂ ಎನ್ನುತ್ತಿದ್ದರು. ಹಿಂದಿನಿಂದ ನಗುತ್ತಲೂ ಇದ್ದರೇನೋ. ನನಗೆ ಮಾತ್ರ ಆ ಹೆಸರು ಪದಕವೊಂದನ್ನು ಎದೆಗೆ ಚುಚ್ಚಿಕೊಂಡಷ್ಟು ಹೆಮ್ಮೆ.

ನನ್ನ ಟಿಪ್ಪಣಿಗಳಿದ್ದದ್ದು ಮೂರು ಕಂಪ್ಯೂಟರುಗಳಲ್ಲಿ. ಒಂದು ಪ್ರಯೋಗಾಲಯದ್ದು. ಇನ್ನೊಂದು ತೋಟದ ಕೊನೆಯ ಹಸಿರುಮನೆಯ ಲ್ಯಾಪ್‌ಟಾಪ್. ಮೂರನೆಯದು ಮನೆಯಲ್ಲಿ, ಅಕ್ಕನ ಹೊಲಿಗೆ ಯಂತ್ರದ ಪಕ್ಕ. ಮೂರರ ನಡುವೆ ಪೆನ್‌ಡ್ರೈವನ್ನು ಹೊತ್ತು ಓಡಾಡುತ್ತಿದ್ದವಳು ನಾನು. ಒಂಬತ್ತು ವರ್ಷದಲ್ಲಿ ಒಂದು ಸಾಲು ಕಳೆದಿರಲಿಲ್ಲ.

"ಒಂದಿನ ಮರೆತುಬಿಟ್ರೆ?" ಎಂದರು ಅವರು.

"ಮರೆಯಲ್ಲ."

"ಬಸ್ಸಲ್ಲಿ ಬಿದ್ದುಹೋದ್ರೆ?"

"ಬೀಳಲ್ಲ."

"ಜ್ವರ ಬಂದ್ರೆ?"

"ಬರಲ್ಲ."

ಅವರು ನಕ್ಕರು. ಮೊದಲು ಕಣ್ಣಿನ ಅಂಚಲ್ಲಿ ಹುಟ್ಟಿ, ತುಟಿಗೆ ಬರಲು ಸ್ವಲ್ಪ ಹೊತ್ತು ಹಿಡಿಯುವ ನಗು. "ಮೇಡಂ, ಇಷ್ಟು ಗಟ್ಟಿ ಮನುಷ್ಯರ ಮೇಲೆ ಇಷ್ಟು ಭಾರ ಹಾಕಬಾರದು. ನನಗೆ ಒಂದು ಮಧ್ಯಾಹ್ನ ಕೊಡಿ. ಮೂರನ್ನೂ ಸಿಂಕ್ ಮಾಡ್ತೀನಿ. ಇಲ್ಲಿ ಒಂದು ಅಕ್ಷರ ಬರೆದ್ರೆ ಮೂರು ಕಡೆಯೂ ಅದೇ ಅಕ್ಷರ. ನೀವು ಕೈ ಬೀಸಿಕೊಂಡು ಮನೆಗೆ ಹೋಗಬಹುದು."

ಮಧ್ಯಾಹ್ನ ಕೊಟ್ಟೆ. ಕೊಡಲು ಹನ್ನೊಂದು ದಿನ ತೆಗೆದುಕೊಂಡೆ ಎಂಬುದು ಬೇರೆ ಮಾತು.

*

ಕೈ ಬೀಸಿಕೊಂಡು ಮನೆಗೆ ಹೋದ ಮೊದಲ ಸಂಜೆ ಅಕ್ಕ ಬಾಗಿಲಲ್ಲೇ ಹಿಡಿದಳು. "ದಾರ ಎಲ್ಲೇ?"

"ಇನ್ನು ಬೇಡ. ಎಲ್ಲಾ ಕ್ಲೌಡ್‌ನಲ್ಲಿ ಇರುತ್ತೆ."

"ಯಾರು ಹೇಳಿದ್ದು?"

"ಆಫೀಸಲ್ಲಿ ಹೊಸಬರು ಒಬ್ಬರು."

"ಓಹೋ, ಮೋಡದವರು." ಅಕ್ಕ ಬಾಯಲ್ಲಿದ್ದ ಗುಂಡುಸೂಜಿ ತೆಗೆದು ನನ್ನ ಮುಖವನ್ನೇ ನೋಡಿದಳು. ಅಳತೆ ಟೇಪಿಲ್ಲದೆ ಅಳತೆ ತೆಗೆಯುವ ಕಣ್ಣು ಅವಳದು. "ನನ್ನ ಮಾತು ಕೇಳಿ ಒಂದು ಕುರ್ಚಿ ಜರುಗಿಸಿದವಳಲ್ಲ ನೀನು. ಮೋಡದವರು ಹೇಳಿದ ತಕ್ಷಣ ದಾರ ಬಿಚ್ಚಿಟ್ಟೆಯಾ?"

ಪೆನ್‌ಡ್ರೈವನ್ನು ಖಾಲಿ ಮಾಡಿ ಅವಳಿಗೇ ಕೊಟ್ಟೆ, ಬಟ್ಟೆ ಕತ್ತರಿಸುವ ನಕ್ಷೆಗಳನ್ನು ಇಟ್ಟುಕೊಳ್ಳಲು. ದಾರವನ್ನು ಮಾತ್ರ ಬಿಚ್ಚಿ ನನ್ನ ಚೀಲದಲ್ಲಿ ಇಟ್ಟುಕೊಂಡೆ.

ಆಗ ನಡೆಯುತ್ತಿದ್ದದ್ದು ದೊಡ್ಡ ಪರೀಕ್ಷೆ. ನಮ್ಮಲ್ಲಿರುವ ಅತಿ ಹಳೆಯ ನಲವತ್ತೊಂದು ಬೀಜ ಮಾದರಿಗಳಿಗೆ ಇನ್ನೂ ಜೀವವಿದೆಯೆಂದು ತೋರಿಸಬೇಕಿತ್ತು. ತೋರಿಸದಿದ್ದರೆ ಸಮಿತಿ ಅವನ್ನು ತೆಗೆದುಹಾಕುತ್ತಿತ್ತು. ಕೆಲವು ಮಾದರಿಗಳಲ್ಲಿ ಉಳಿದಿದ್ದದ್ದೇ ಒಂದು ಪರೀಕ್ಷೆಗಾಗುವಷ್ಟು ಬೀಜ. ಮತ್ತೊಮ್ಮೆ ಎಂಬ ಮಾತೇ ಇರಲಿಲ್ಲ.

ದಿನದ ಎಣಿಕೆಯನ್ನು ನಾನು ಒಂದು ಟಿಪ್ಪಣಿಯಲ್ಲಿ ಬರೆಯುತ್ತಿದ್ದೆ. ಲೆಕ್ಕ ಹಾಕಲು ಅವರ ಕಂಪ್ಯೂಟರನ್ನೂ ಜೋಡಿಸಿದ್ದರಿಂದ, ಹಜಾರದ ಆ ತುದಿಯಲ್ಲಿ ಕುಳಿತ ಅವರ ಪರದೆಯ ಮೇಲೂ ಅದು ಮೂಡುತ್ತಿತ್ತು. ಒಂದು ದಿನ ಅಂಕಿಗಳ ಕೊನೆಗೆ, ಯಾಕೋ, ಹೀಗೆ ಬರೆದೆ: ‘ಹದಿನೇಳನೇ ತಟ್ಟೆಯಲ್ಲಿ ಒಂದೇ ಒಂದು ಮೊಳಕೆ. ಎಲ್ಲರೂ ಹೋದ ಮೇಲೆ ಬಂದ ನೆಂಟರ ಹಾಗೆ ಬಾಗಿಲಲ್ಲಿ ನಿಂತಿದೆ.’

ಸ್ವಲ್ಪ ಹೊತ್ತಿಗೆ ಅದರ ಕೆಳಗೆ ತಾನಾಗಿಯೇ ಅಕ್ಷರಗಳು ಮೂಡಿದವು. ‘ಒಳಗೆ ಕರೀರಿ ಮೇಡಂ. ಎಷ್ಟು ಹೊತ್ತು ನಿಲ್ಲಿಸ್ತೀರಿ?’

ಪರದೆಯ ಮೇಲಿನಿಂದ ಇಣುಕಿದೆ. ಹಜಾರದ ಆ ಕೊನೆಯಲ್ಲಿ ಇನ್ನೊಂದು ಪರದೆಯ ಮೇಲೆ ಎರಡು ಹುಬ್ಬುಗಳು ಮಾತ್ರ ಕಂಡವು. ಒಂದು ಹುಬ್ಬು ಏರಿತು. ನಾನು ತಟ್ಟನೆ ತಲೆ ತಗ್ಗಿಸಿ ಎಣಿಸಿದ್ದನ್ನೇ ಮತ್ತೆ ಎಣಿಸಿದೆ. ಅವತ್ತು ಆ ತಟ್ಟೆಯನ್ನು ನಾಲ್ಕು ಸಲ ಎಣಿಸಿದ್ದೇನೆ. ನಾಲ್ಕು ಸಲವೂ ಒಂದೇ.

*

ಒಂದು ಭಾನುವಾರ ಮಧ್ಯಾಹ್ನ ಅಕ್ಕ ಕೂಗಿದಳು. "ಕಂಪ್ಯೂಟರಲ್ಲಿ ಜಾಗ ಇಲ್ಲವಂತೆ ಕಣೇ. ನಿನ್ನ ಬೀಜಗಳು ನನ್ನ ಕೋಟುಗಳಿಗೆ ಕಾಲಿಡೋಕೂ ಬಿಡ್ತಿಲ್ಲ."

ಪೆನ್‌ಡ್ರೈವಿನ ಕಾಲದಲ್ಲಿ ಮನೆಯ ಪ್ರತಿ ಎಂದರೆ ಹೆಚ್ಚುವರಿ ಪ್ರತಿ. ಜಾಗ ಸಾಲದಾದಾಗ ಅಳಿಸುವುದು, ಬೇಕಾದಾಗ ಮತ್ತೆ ತುಂಬುವುದು. ಒಂಬತ್ತು ವರ್ಷದ ಅಭ್ಯಾಸ ಕೈಗೆ ಅಂಟಿತ್ತು. ‘ಹಳೆ ಬೀಜ’ ಎಂಬ ಫೋಲ್ಡರನ್ನು ಅಳಿಸಿದೆ. ಅಚ್ಚುಕಟ್ಟಾಗಿ ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ.

ಸೋಮವಾರ ಬೆಳಿಗ್ಗೆ ಪ್ರಯೋಗಾಲಯದ ಪರದೆಯ ಮೇಲೆ ಆ ಫೋಲ್ಡರ್ ಇರಲಿಲ್ಲ. ಹುಡುಕಿದೆ. ಮತ್ತೆ ಹುಡುಕಿದೆ. ಒಂಬತ್ತು ವರ್ಷದ ಟಿಪ್ಪಣಿ, ನಡೆಯುತ್ತಿದ್ದ ಪರೀಕ್ಷೆಯ ಎಣಿಕೆ, ಬಾಗಿಲಲ್ಲಿ ನಿಂತ ನೆಂಟ, ಎಲ್ಲವೂ ಅಳಿಸಿಹೋಗಿತ್ತು.

ನಮ್ಮ ನಿರ್ದೇಶಕಿ, ನಾವೆಲ್ಲ ದೊಡ್ಡಮೇಡಂ ಎನ್ನುವವರು, ಅದೇ ಹೊತ್ತಿಗೆ ಹಜಾರಕ್ಕೆ ಬಂದರು. ಅವರ ಎದುರಿಗೇ ನಾನು ಸಿಡಿದೆ.

"ದಾರಕ್ಕೆ ಕಟ್ಟಿದ್ದು ಒಂಬತ್ತು ವರ್ಷ ಉಳೀತು. ಇವರ ಮೋಡಕ್ಕೆ ಕೊಟ್ಟಿದ್ದು ಎರಡು ತಿಂಗಳಿಗೆ ಮಾಯ ಆಯ್ತು. ಗೊತ್ತಿಲ್ಲದ ಕೆಲಸಕ್ಕೆ ಕೈ ಹಾಕಬಾರದು ಸಾರ್!"

ಮೋಡದವರು ತಮ್ಮ ಕಂಪ್ಯೂಟರಿನಲ್ಲಿ ಏನನ್ನೋ ತೆರೆದು ಓದಿದರು. ಓದುತ್ತಿದ್ದ ಕಣ್ಣು ಒಂದು ಸಾಲಿನ ಮೇಲೆ ನಿಂತಿತು. ಅದನ್ನು ಮುಚ್ಚಿ ಎದ್ದು ನಿಂತರು.

"ತಪ್ಪು ನನ್ನದು ಮೇಡಂ," ಎಂದರು ದೊಡ್ಡಮೇಡಂಗೆ. "ಹಳೇ ಪ್ರತಿಗಳನ್ನ ಇಡೋಕೆ ಇನ್ನೊಂದು ಡಿಸ್ಕ್ ಕೇಳಿದ್ದೆ. ಅದು ಬರೋವರೆಗೆ ಕಾಯದೆ ಶುರು ಮಾಡಿಬಿಟ್ಟೆ."

ಆಮೇಲೆ ನನ್ನ ಕಡೆ ತಿರುಗಿದರು. ಮುಖ ಬಿಳಿಚಿತ್ತು, ದನಿ ಮಾತ್ರ ನೆಟ್ಟಗಿತ್ತು. "ಹಸಿರುಮನೆ ಲ್ಯಾಪ್‌ಟಾಪ್?"

"ಅದು ಮೂರು ವಾರದಿಂದ ಆನ್ ಆಗಿಲ್ಲ. ಚಾರ್ಜರ್ ಸುಟ್ಟುಹೋಗಿದೆ."

"ಮೂರು ವಾರದಿಂದ ನೆಟ್ ತಾಗಿಲ್ಲ? ಹಾಗಾದ್ರೆ ಅಳಿಸಿದ ಸುದ್ದಿ ಅದಕ್ಕಿನ್ನೂ ಮುಟ್ಟಿಲ್ಲ ರೀ! ಮೂರು ವಾರದ ಹಿಂದಿನವರೆಗೆ ಎಲ್ಲಾ ಅದರೊಳಗೆ ಇರುತ್ತೆ. ನೆಟ್ ತಾಗಿದ ಕ್ಷಣ ಅದೂ ಅಳಿಸಿಕೊಳ್ಳುತ್ತೆ."

"ತೋಟದ ತಾತ ಇವತ್ತು ಬೆಳಿಗ್ಗೆ ಹೊಸ ಚಾರ್ಜರ್ ತಗೊಂಡು ಹೋದರು."

"ನೀವು ಓಡಿ. ನಾನು ವೈಫೈ ಕೀಳ್ತೀನಿ."

ನಾನು ಓಡಿದೆ. ಕೊನೆಯ ಸಲ ಹಾಗೆ ಓಡಿದ್ದು ಶಾಲೆಯ ಮೈದಾನದಲ್ಲಿ. ಗೊಬ್ಬರದ ಗುಡ್ಡೆ ದಾಟಿ, ನೀರಿನ ಪೈಪು ಎಡವಿ, ಹಸಿರುಮನೆಯ ಬಾಗಿಲನ್ನು ಭುಜದಿಂದ ನೂಕಿದೆ. ತೋಟದ ತಾತ ಕನ್ನಡಕ ಹಣೆಗೇರಿಸಿಕೊಂಡು ಲ್ಯಾಪ್‌ಟಾಪಿನ ಮುಂದೆ ಹೆಮ್ಮೆಯಿಂದ ಕುಳಿತಿದ್ದರು.

"ಬಾ ಮಗಳೇ, ಜೀವ ಬಂತು ನೋಡು. ಚಕ್ರ ತಿರುಗ್ತಾ ಇದೆ."

"ತಾತಾ, ಮುಟ್ಟಬೇಡಿ!"

ಪರದೆಯ ಮೂಲೆಯಲ್ಲಿ ವೈಫೈ ಗುರುತು ಹುಡುಕಾಡುತ್ತಿತ್ತು. ಒಂದು ಗೆರೆ, ಎರಡು ಗೆರೆ. ನನ್ನ ಕೈ ತಲುಪುವ ಮೊದಲೇ ಆ ಗೆರೆಗಳು ಆರಿಹೋದವು. ಅಲ್ಲಿ ಕಾರಿಡಾರಿನ ಕೊನೆಯಲ್ಲಿ ಒಬ್ಬರು ಪ್ಲಗ್ ಕಿತ್ತಿದ್ದರು.

ಫೋಲ್ಡರ್ ತೆರೆದೆ. ಎರಡು ಸಾವಿರದ ಒಂಬೈನೂರ ಹದಿನಾಲ್ಕು ಕಡತಗಳು. ನಾನು ನೆಲದ ಮೇಲೆಯೇ ಕುಳಿತುಬಿಟ್ಟೆ.

ಅವರು ಬಂದಾಗ ಅವರ ಕೈಯಲ್ಲಿ ಇಡೀ ವೈಫೈ ಪೆಟ್ಟಿಗೆಯೇ ಇತ್ತು, ವೈರು ಬಾಲದಂತೆ ನೇತಾಡುತ್ತಿತ್ತು. ತಾತ ಅದನ್ನೂ ನನ್ನನ್ನೂ ನೋಡಿ, "ಬೇರು ಸಮೇತ ಕಿತ್ತಿದ್ದಾರೆ," ಎಂದರು.

*

ಕಡತಗಳನ್ನೆಲ್ಲ ಬೇರೆ ಡಿಸ್ಕಿಗೆ ಇಳಿಸಿಕೊಂಡ ಮೇಲೆ ಅವರ ಪರದೆಯನ್ನು ನನ್ನ ಕಡೆ ತಿರುಗಿಸಿಕೊಂಡೆ. "ಬೆಳಿಗ್ಗೆ ಏನು ಓದಿದ್ರಿ? ತೋರಿಸಿ."

"ಈಗ ಯಾಕೆ ಬಿಡಿ."

"ತೋರಿಸಿ."

ಯಾವ ಕಂಪ್ಯೂಟರಿನಿಂದ ಯಾವಾಗ ಏನು ಬದಲಾಯಿತು ಎಂದು ತಾನಾಗಿಯೇ ಬರೆದುಕೊಳ್ಳುವ ಪಟ್ಟಿ ಅದು. ಕೊನೆಯ ಸಾಲು ಹೀಗಿತ್ತು: ಮನೆಯ ಕಂಪ್ಯೂಟರ್, ಭಾನುವಾರ, ನಾಲ್ಕು ಗಂಟೆ ಹತ್ತು ನಿಮಿಷ, ‘ಹಳೆ ಬೀಜ’ ಅಳಿಸಲಾಗಿದೆ.

ಕಿವಿಯವರೆಗೆ ಬಿಸಿ ಏರಿತು. ಎದ್ದು ನೇರವಾಗಿ ದೊಡ್ಡಮೇಡಂ ಕೋಣೆಗೆ ಹೋದೆ. ಹೆಮ್ಮೆ ಇರುವವಳು ತಪ್ಪನ್ನೂ ತಲೆ ಎತ್ತಿಯೇ ಹೇಳಬೇಕು.

"ಅಳಿಸಿದ್ದು ನಾನು ಮೇಡಂ. ಅವರ ಮೇಲೆ ಹಾಕಿದ್ದೂ ನಾನೇ."

ದೊಡ್ಡಮೇಡಂ ಕನ್ನಡಕ ತೆಗೆದರು. "ಮತ್ತೆ ಅವರು ಯಾಕೆ ಒಪ್ಪಿಕೊಂಡ್ರು?"

"ಅವರನ್ನೇ ಕೇಳಬೇಕು."

"ಕೇಳಮ್ಮ. ಉತ್ತರ ಚೆನ್ನಾಗಿದ್ರೆ ನನಗೂ ಹೇಳು."

ಹಜಾರಕ್ಕೆ ಮರಳಿ ಕೇಳಿದೆ. ಅವರು ವೈಫೈ ಪೆಟ್ಟಿಗೆಯ ವೈರನ್ನು ಸುತ್ತುತ್ತಾ, ನನ್ನ ಕಡೆ ನೋಡದೆ ಹೇಳಿದರು. "ಒಂದು ಕಡೆ ಅಳಿಸಿದ್ರೆ ಎಲ್ಲಾ ಕಡೆ ಅಳಿಯುತ್ತೆ ಅಂತ ನಾನು ನಿಮಗೆ ಒಂದು ಸಲವೂ ಹೇಳಿರಲಿಲ್ಲ. ಎಲ್ಲಾ ಕಡೆ ಒಂದೇ ಥರ ಇರೋದು ಬೇರೆ, ಜೋಪಾನವಾಗಿರೋದು ಬೇರೆ. ಮೊದಲನೇ ದಿನವೇ ಹೇಳಬೇಕಿತ್ತು. ನಿಮ್ಮ ಮುಂದೆ ಜಂಬ ಕೊಚ್ಚಿಕೊಳ್ಳೋ ಭರದಲ್ಲಿ ಮರೆತೆ. ಪಟ್ಟಿಯಲ್ಲಿ ನಿಮ್ಮ ಮನೆ ಹೆಸರಿತ್ತು, ಆದ್ರೆ ತಪ್ಪು ನನ್ನದೇ."

"ಅರ್ಧ ನಂದು," ಎಂದೆ.

"ಸರಿ, ಅರ್ಧ ಅರ್ಧ." ಆಗ ನೋಡಿದರು. ನೋಡಿದ್ದು ಸ್ವಲ್ಪ ಹೆಚ್ಚೇ ಹೊತ್ತು.

ಆದರೆ ಲ್ಯಾಪ್‌ಟಾಪ್ ಮಲಗಿದ್ದ ಆ ಮೂರು ವಾರಗಳ ಎಣಿಕೆ ಹೋಗಿಯೇ ಹೋಗಿತ್ತು. ಪರೀಕ್ಷೆಯ ಮುಖ್ಯ ಭಾಗ ಅದೇ; ದಿನದಿನದ ಎಣಿಕೆ ಇಲ್ಲದೆ ಸಮಿತಿ ಒಪ್ಪುತ್ತಿರಲಿಲ್ಲ. ಎಣಿಕೆ ಗೀಚಿಟ್ಟ ತಟ್ಟೆಯ ಚೀಟಿಗಳನ್ನು ನಾವು ವಾರಕ್ಕೊಮ್ಮೆ ಎಸೆಯುತ್ತೇವೆ, ಸಮಿತಿ ಕೂರಲು ಹತ್ತು ದಿನವಿತ್ತು, ಮತ್ತೆ ನೆನೆಸಲು ಬೀಜವಿರಲಿಲ್ಲ. ಬದುಕಿರುವ ಮಾದರಿಗಳೂ ಸತ್ತವುಗಳ ಪಟ್ಟಿಗೆ ಸೇರುತ್ತವೆ ಎಂದು ನನ್ನಷ್ಟಕ್ಕೇ ಹೇಳಿಕೊಂಡೆ. ಜೋರಾಗಿ ಹೇಳಿದೆನೆಂದು ಕಾಣುತ್ತದೆ.

ಅವರು ಡ್ರಾಯರ್ ಎಳೆದರು. ನೀಲಿ ರಟ್ಟಿನ, ಮೂಲೆ ಮಡಚಿದ ಒಂದು ನೋಟ್‌ಬುಕ್ಕನ್ನು ನನ್ನ ಮುಂದೆ ಇಟ್ಟರು. ಇಟ್ಟಮೇಲೂ ಅದರ ಮೇಲಿನ ಕೈ ತೆಗೆಯಲು ಹಿಂಜರಿದರು.

"ನಗಬಾರದು," ಎಂದರು.

ತೆರೆದೆ. ಶಾಯಿಯಲ್ಲಿ, ಸಣ್ಣ ನೇರ ಅಕ್ಷರದಲ್ಲಿ, ನನ್ನ ಎಣಿಕೆಗಳು. ನಲವತ್ತೊಂದು ಸಾಲು, ದಿನಕ್ಕೊಂದು ಪುಟ. ಒಂದು ದಿನವೂ ಬಿಟ್ಟಿರಲಿಲ್ಲ. ಪ್ರತಿ ಪುಟದ ಕೊನೆಗೆ ನಾನು ಬರೆದ ಹಾಳು ಹರಟೆಯೂ ಇತ್ತು. ಬಾಗಿಲಲ್ಲಿ ನಿಂತ ನೆಂಟ. ಎರಡು ತಲೆಯ ಮೊಳಕೆ. ‘ಇವತ್ತು ತಲೆನೋವು, ಆದರೂ ಎಣಿಕೆ ಸರಿಯಿದೆ.’

"ಮೋಡದವರು ಕೈಯಲ್ಲಿ ಯಾಕೆ ಬರೆದುಕೊಂಡ್ರಿ?" ಎಂದು ಕೇಳಿದೆ.

"ಮೋಡದವರಾ?"

"ಅಕ್ಕ ಇಟ್ಟ ಹೆಸರು. ಯಾಕೆ ಬರೆದುಕೊಂಡ್ರಿ?"

"ಮೊದಲನೇ ವಾರ ನಿಮ್ಮ ಅಂಕಿಯಲ್ಲಿ ತಪ್ಪು ಹುಡುಕೋಕೆ. ಅಷ್ಟು ಜಂಬ ಇದ್ದವರು ಎಲ್ಲಾದ್ರೂ ಒಂದು ಕಡೆ ಎಡವಿರ್ತಾರೆ ಅಂತ. ಎರಡನೇ ವಾರ ತಪ್ಪು ಸಿಗದೆ ಹಟಕ್ಕೆ ಬಿದ್ದೆ. ಆಮೇಲೆ..." ಅವರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. "ಆಮೇಲೆ ತಪ್ಪು ಹುಡುಕೋದು ಮರೆತೇಹೋಯ್ತು ರೀ. ಮಧ್ಯಾಹ್ನ ಆದ್ರೆ ನೀವು ಏನು ಬರೀತೀರಿ ಅಂತ ಕಾಯ್ತಿದ್ದೆ. ಕಂಪ್ಯೂಟರಲ್ಲಿದ್ದದ್ದು ಎಲ್ಲರದೂ. ಇದು ನನಗೊಬ್ಬನಿಗೇ ಇರಲಿ ಅನ್ನಿಸ್ತು."

"ಒಂದೂ ತಪ್ಪು ಸಿಗಲಿಲ್ವಾ?"

"ಒಂದೂ ಇಲ್ಲ."

ನನ್ನನ್ನು ಚೆಲುವೆ ಎಂದವರಿದ್ದಾರೆ. ಆ ಮಾತಿಗೆ ಇಷ್ಟು ಎದೆ ಹಿಗ್ಗಿರಲಿಲ್ಲ.

*

ಪುಸ್ತಕವನ್ನು ನಾವು ಹಾಗೆಯೇ ನಂಬಲಿಲ್ಲ. ಮೊಳೆತ ಸಸಿಗಳನ್ನೆಲ್ಲ ತಾತ ಹಸಿರುಮನೆಯ ಟ್ರೇಗಳಲ್ಲಿ ನೆಟ್ಟಿದ್ದರು. ನಾನು ಎಣಿಸಿದೆ, ಮೋಡದವರು ಪುಟ ತಿರುಗಿಸಿ ಒಟ್ಟು ಓದಿದರು. ನಲವತ್ತೊಂದು ಸಲ ಎರಡೂ ಒಂದೇ ಬಂತು. ಪ್ರತಿಸಲವೂ ತಾತ "ಹೂಂ, ಮುಂದೆ" ಎನ್ನುತ್ತಿದ್ದರು, ಮದುವೆ ಮಾಡಿಸುವವರ ಗತ್ತಿನಲ್ಲಿ.

ಸಮಿತಿ ಮೂವತ್ತೆಂಟು ಮಾದರಿಗಳನ್ನು ಉಳಿಸಿತು. ಉಳಿದ ಮೂರರಲ್ಲಿ ನಿಜಕ್ಕೂ ಜೀವವಿರಲಿಲ್ಲ. ನನ್ನ ಎಣಿಕೆಯೇ ಹಾಗೆ ಹೇಳಿತ್ತು. ವರದಿಯ ಕೊನೆಯ ಪುಟ ಮುಚ್ಚಿದ ದೊಡ್ಡಮೇಡಂ, "ಒಂದು ದಿನವೂ ಖಾಲಿ ಇಲ್ಲ," ಎಂದು ಸಮಿತಿಯವರಿಗೆ ಕೇಳುವಂತೆಯೇ ಹೇಳಿದರು.

ಅವತ್ತು ಸಂಜೆ ಮೋಡದವರು ನೋಟ್‌ಬುಕ್ಕಿನ ಪುಟಗಳನ್ನು ಹೆಬ್ಬೆರಳಿನಿಂದ ಸರ್ರನೆ ಹಾರಿಸಿ ನೋಡಿದರು. "ಇದು ಮುಗೀತಾ ಬಂತು. ಹೊಸದು ತರಬೇಕು. ಎಷ್ಟು ಪುಟದ್ದು ತರಲಿ ಅಂತ ಗೊತ್ತಾಗ್ತಿಲ್ಲ. ನೀವು ಎಷ್ಟು ವರ್ಷ ಬರೀತೀರಿ ಅನ್ನೋದರ ಮೇಲೆ ಇದೆ."

ನಾನು ಉತ್ತರ ಕೊಡಲು ಈ ಸಲ ಹನ್ನೊಂದು ದಿನ ತೆಗೆದುಕೊಳ್ಳಲಿಲ್ಲ.

"ಅಂಗಡಿಯಲ್ಲಿ ಇರೋದರಲ್ಲೇ ದಪ್ಪದ್ದು ತನ್ನಿ," ಎಂದೆ.

ಚೀಲದ ಒಳಜೇಬಿನಿಂದ ಕೆಂಪು ದಾರ ತೆಗೆದು, ನೀಲಿ ರಟ್ಟಿನ ಸುತ್ತ ತಂದು ಗಂಟು ಹಾಕಿದೆ. ಗಂಟು ಬಲಕ್ಕೆ ಜಾರಿತು. ಅವರು ನನ್ನ ಕೈಯಡಿಯಿಂದಲೇ ದಾರವನ್ನು ಮೆಲ್ಲಗೆ ಸರಿಸಿ, ಗಂಟನ್ನು ಎಡಕ್ಕೆ ತಂದು ನಿಲ್ಲಿಸಿದರು.