ಐದು ಬೆರಳಿನ ಜಾಡಿ

"ಎಡಕ್ಕೆ, ಇನ್ನೂ ಸ್ವಲ್ಪ ಎಡಕ್ಕೆ! ಅಯ್ಯೋ, ನಿನ್ನ ಎಡ ಅಲ್ಲ ಕಣೋ ಟಾವ್, ನನ್ನ ಎಡ!"

ಸುಮಾಲೀ ಟೀಚರ್ ಕೆಳಗಿನಿಂದ ಕೂಗುತ್ತಿದ್ದರು. ಏಣಿಯ ಮೇಲಿದ್ದ ಟಾವ್ ಹಗ್ಗವನ್ನು ಮ್ಯೂಸಿಯಮ್ಮಿನ ಕಂಬಕ್ಕೆ ಬಿಗಿದ. ಫ್ಲೆಕ್ಸಿನ ಸುರುಳಿ ಬಿಚ್ಚಿಕೊಂಡಿತು. ಪಿಕುನ್ ತಲೆ ಎತ್ತಿ ನೋಡಿದಳು.

ಅವಳು ಹೇಳಿದ್ದ ಕತೆ ಕೆಂಪು ಅಕ್ಷರಗಳಲ್ಲಿ ಅಷ್ಟೆತ್ತರಕ್ಕೆ ನಿಂತಿತ್ತು.

'ಮಗುವನ್ನು ಉಳಿಸಿ ತಾನು ನದಿಯ ಪಾಲಾದ ಜಾಡಿ ವ್ಯಾಪಾರಿ! ಅವನ ಐದು ಬೆರಳಿನ ಗುರುತು ಇಲ್ಲಿದೆ, ಬನ್ನಿ, ನೋಡಿ. ಮ್ಯೂಸಿಯಮ್ಮಿನ ಸೂರಿಗೆ ಕೈಲಾದಷ್ಟು ಕೊಡಿ.'

"ಲೇ ಪಿಕುನ್, ಕೆಳಗಡೆ ನಿಮ್ಮ ತಾತನ ಹೆಸರೂ ಹಾಕಿಸಿದ್ದಾರೆ ನೋಡೇ!" ಟಾವ್ ಏಣಿಯಿಂದಲೇ ಕಿರುಚಿದ. "'ಹೇಳಿದವರು, ದಿವಂಗತ ಬುನ್‌ಲೋಮ್.' ಸತ್ತ ಮೇಲೆ ಫೇಮಸ್ ಆಗ್ಬಿಟ್ರು!"

ಪಿಕುನ್ ನಗಲಿಲ್ಲ. ತಾತ ಆ ಕತೆಯನ್ನು ಹೇಳಿರಲೇ ಇಲ್ಲ.

ಅವರ ಮ್ಯೂಸಿಯಮ್ ಊರಿನ ಬೌದ್ಧ ದೇವಾಲಯದ ಅಂಗಳದಲ್ಲಿದ್ದ ಒಂದು ಹಳೆಯ ಮರದ ಮನೆ. ಊರಿನವರು ಕೊಟ್ಟ ನೇಗಿಲು, ಮಗ್ಗ, ದೋಣಿಯ ಹುಟ್ಟು, ತಮಟೆ ಎಲ್ಲ ಅದರಲ್ಲಿದ್ದವು. ಮಳೆ ಬಂದರೆ ಅವುಗಳ ಮೇಲೆ ಟಾರ್ಪಾಲು ಹೊದಿಸಬೇಕಿತ್ತು, ಸೂರು ಅಷ್ಟು ಸೋರುತ್ತಿತ್ತು. ಭಾನುವಾರಗಳಲ್ಲಿ ಶಾಲೆಯ ಮಕ್ಕಳೇ ಅಲ್ಲಿ ಗೈಡುಗಳು. ಹೆಗಲಿಂದ ಸೊಂಟಕ್ಕೆ ಹಳದಿ ಪಟ್ಟಿ ಧರಿಸಿ, ಒಬ್ಬೊಬ್ಬರು ಒಂದೊಂದು ವಸ್ತುವಿನ ಪಕ್ಕ ನಿಲ್ಲುತ್ತಿದ್ದರು.

ಟಾವ್‌ಗೆ ತಮಟೆ ಸಿಕ್ಕಿತ್ತು. ಬಂದವರಿಗೆಲ್ಲ ಅವನು ಬಾರಿಸಲು ಕೊಡುತ್ತಿದ್ದ. ಹಾಗಾಗಿ ಜನರೆಲ್ಲ ಅವನ ಸುತ್ತ. ಪಿಕುನ್‌ಗೆ ಸಿಕ್ಕಿದ್ದು ಮೂಲೆಯ ಜಾಡಿ.

"ಇದು ಮಣ್ಣಿನ ಜಾಡಿ. ನದಿಯ ತಿರುವಿನಲ್ಲಿ ಹೂಳು ತೆಗೆಯುವಾಗ ಸಿಕ್ಕಿತು. ಯಾರದೆಂದು ಗೊತ್ತಿಲ್ಲ."

ಅವಳು ಇಷ್ಟು ಹೇಳುವಷ್ಟರಲ್ಲಿ ಜನ ತಮಟೆಯ ಕಡೆಗೆ ಹೊರಟಿರುತ್ತಿದ್ದರು. ಒಂದು ಭಾನುವಾರ, ಹಾಗೆ ಹೊರಟಿದ್ದವರ ಬೆನ್ನಿಗೆ ಅವಳು ಥಟ್ಟನೆ ಹೇಳಿಬಿಟ್ಟಳು. "ನಿಲ್ಲಿ, ಇದಕ್ಕೊಂದು ಕತೆ ಇದೆ!"

ಅವರು ನಿಂತರು. ಜಾಡಿಯ ಕೊರಳಿನಲ್ಲಿ ಐದು ಚಿಕ್ಕ ಗುಳಿಗಳಿದ್ದವು. ಹಸಿ ಮಣ್ಣಿದ್ದಾಗ ಯಾರೋ ಒತ್ತಿದ್ದು. ಅದನ್ನು ನೋಡುತ್ತ ನೋಡುತ್ತ ಕತೆ ತಾನಾಗಿ ಬಂತು. ಜಾಡಿ ಮಾರುವವನೊಬ್ಬನ ದೋಣಿ, ಬಿರುಗಾಳಿ, ನೀರಿನಲ್ಲಿ ಮುಳುಗುತ್ತಿದ್ದ ಮಗು. ಅವನು ತನ್ನ ಕೈಯಾರೆ ಮಾಡಿದ್ದ, ತೇಲುತ್ತಿದ್ದ ಜಾಡಿಯನ್ನು ಮಗುವಿನ ಕೈಗೆ ಕೊಟ್ಟು ತಾನು ಮುಳುಗಿದ. ಒಬ್ಬ ಹೆಂಗಸು ಕಣ್ಣೊರೆಸಿಕೊಂಡು ನೂರು ಬಾಟ್ ನೋಟನ್ನು ಡಬ್ಬಿಗೆ ಹಾಕಿದಳು.

"ಯಾರಮ್ಮ ನಿನಗೆ ಇದನ್ನ ಹೇಳಿದ್ದು?" ಎಂದು ಕೇಳಿದಳು.

"ನಮ್ಮ ತಾತ," ಎಂದಳು ಪಿಕುನ್. ತಾತ ತೀರಿಕೊಂಡಿದ್ದರು. ಯಾರೂ ಹೋಗಿ ಕೇಳುವಂತಿರಲಿಲ್ಲ.

ಆಮೇಲೆ ಕತೆ ಅವಳ ಕೈ ಮೀರಿ ಬೆಳೆಯಿತು. ಜಾಡಿಯಲ್ಲಿ ಆ ವ್ಯಾಪಾರಿಯ ಆತ್ಮ ಇದೆಯೆಂದು ಜನ ಕೆಂಪು ಸೋಡಾ ಬಾಟಲಿ, ಹೂವು, ಊದುಬತ್ತಿ ತಂದು ಇಡತೊಡಗಿದರು. ಸುಮಾಲೀ ಟೀಚರ್‌ಗೆ ಖುಷಿಯೋ ಖುಷಿ. "ನೀನೊಬ್ಬಳೇ ನಮ್ಮ ಸೂರು ಹೊದಿಸ್ತೀಯ ಕಣೇ," ಎನ್ನುತ್ತಿದ್ದರು.

ಇವತ್ತು ದಾನದ ಹಬ್ಬ. ಅಂಗಳದ ಮಧ್ಯೆ ಹಣದ ಮರ ನಿಂತಿತ್ತು. ಸೀಳಿದ ಬಿದಿರು ಕಡ್ಡಿಗಳಿಗೆ ಜನ ನೋಟು ಸಿಕ್ಕಿಸುತ್ತಿದ್ದರು. ಕರಿದ ಬಾಳೆಹಣ್ಣಿನ ವಾಸನೆ ಎಲ್ಲೆಡೆ ಹರಡಿತ್ತು. ಪಕ್ಕದ ಮಂಟಪದಲ್ಲಿ ಭಿಕ್ಷುಗಳು ಮಂತ್ರ ಹೇಳಲು ಬಂದು ಕೂರುತ್ತಿದ್ದರು.

ಲಾಟರಿ ಮಾರುವ ಓಯ್ ಅತ್ತೆ ಜಾಡಿಯ ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡಿದಳು.

"ಪಿಕುನ್, ನಿಜ ಹೇಳು. ಐದು ಬೆರಳು ಅಂದ್ರೆ ಲಾಟರಿ ನಂಬರು ಬರೀ ಐದೋ, ಐವತ್ತೈದೋ?"

"ನನಗೇನ್ ಗೊತ್ತು ಅತ್ತೆ?"

"ಆ ವ್ಯಾಪಾರಿ ನಿನ್ನ ಕನಸಲ್ಲಿ ಬಂದ್ರೆ ಕೇಳ್ಬಿಡು. ಮೊದಲು ನನಗೇ ಹೇಳ್ಬೇಕು ಮತ್ತೆ!"

ಅವಳು ನಗುತ್ತ ಹೋದಳು. ಅವಳ ಹಿಂದೆಯೇ ಒಬ್ಬ ಅಜ್ಜಿ ಬಂದರು. ಪಿಕುನ್ ಅವರನ್ನು ಯಾವತ್ತೂ ನೋಡಿರಲಿಲ್ಲ. ಸೊಂಟ ಬಾಗಿತ್ತು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಬಟ್ಟೆಯ ಚೀಲ. ಅವರು ಯಾರಿಗೂ ಏನೂ ಹೇಳದೆ ಜಾಡಿಯ ಮುಂದೆ ನೆಲದ ಮೇಲೆ ಕೂತರು. ಚೀಲದಿಂದ ಹೊಸ ಚೌಕಳಿ ಪಂಚೆಯೊಂದನ್ನು ತೆಗೆದು ಜಾಡಿಯ ಪಕ್ಕ ಇಟ್ಟರು. ಆಮೇಲೆ ಆ ಐದು ಗುಳಿಗಳಲ್ಲಿ ತಮ್ಮ ಬೆರಳುಗಳನ್ನು ಇಟ್ಟು ಕಣ್ಣು ಮುಚ್ಚಿದರು.

"ಅಜ್ಜಿ, ಮುಟ್ಟಬಾರದು..." ಎನ್ನಹೊರಟ ಪಿಕುನ್ ಸುಮ್ಮನಾದಳು.

"ನೀನೇನಾ ಬುನ್‌ಲೋಮನ ಮೊಮ್ಮಗಳು?" ಅಜ್ಜಿ ಕಣ್ಣು ಬಿಟ್ಟು ಕೇಳಿದರು. "ನಾನು ಲಮೈ. ಆಚೆ ದಡದವಳು. ನಮ್ಮ ಚೆಮ್ ಅಣ್ಣ ಜಾಡಿ ತುಂಬಿಕೊಂಡು ದೋಣೀಲಿ ಹೋದ. ಮಳೆಗಾಲ ಮುಗಿಯೋದ್ರೊಳಗೆ ಬರ್ತೀನಿ ಅಂದ. ಹದಿನೆಂಟು ತುಂಬಿತ್ತು ಅಷ್ಟೇ ಅವನಿಗೆ. ನಾನು ನಿನ್ನಷ್ಟಿದ್ದೆ."

"ಆಮೇಲೆ?"

"ಆಮೇಲೆ ಏನೂ ಇಲ್ಲ. ಇಲ್ಲಿದ್ದಾನೆ, ಅಲ್ಲಿ ಮದುವೆಯಾಗಿದ್ದಾನೆ, ಹೀಗೆ ಏನೇನೋ ಅಂದ್ರು. ಯಾರೂ ಕಂಡಿರಲಿಲ್ಲ. ಇಷ್ಟು ವರ್ಷ ಆದ್ಮೇಲೆ ನಿಮ್ಮ ತಾತ ಒಬ್ಬ ಕಂಡಿದ್ದಾನೆ." ಅಜ್ಜಿ ಪಿಕುನ್‌ಳ ಕೈ ಹಿಡಿದುಕೊಂಡರು. ಆ ಕೈ ಒಣಗಿದ ಎಲೆಯ ಹಾಗಿತ್ತು. "ಇನ್ನೇನು ಹೇಳಿದ್ದ ಪುಟ್ಟಿ? ಎಲ್ಲಾ ಹೇಳು. ಅವನು ಯಾವ ಬಟ್ಟೆ ಹಾಕಿದ್ದ?"

ಈಗ ನಿಜ ಹೇಳಬೇಕು, ತಾತ ಏನೂ ಹೇಳಿರಲಿಲ್ಲ ಅಂತ ಹೇಳಬೇಕು ಎಂದುಕೊಂಡಳು ಪಿಕುನ್. ಬಾಯಿಂದ ಬಂದದ್ದು ಬೇರೆ.

"ನೀಲಿ... ನೀಲಿ ಅಂಗಿ."

ಅಜ್ಜಿ ಹುಬ್ಬು ಗಂಟು ಹಾಕಿದರು. "ನೀಲಿ ಅಂಗಿ ಅವನ ಹತ್ರ ಇರಲಿಲ್ಲವಲ್ಲ."  ಆಮೇಲೆ ಅವರ ಮುಖ ಅರಳಿತು. "ದಾರೀಲಿ ಕೊಂಡಿರ್ಬೇಕು. ಹೌದು, ವ್ಯಾಪಾರ ಚೆನ್ನಾಗಾಗಿರ್ಬೇಕು, ಅದಕ್ಕೇ ಕೊಂಡಿದ್ದಾನೆ."

ಅಜ್ಜಿ ಚೀಲದಲ್ಲಿ ತಡಕಿ ಒಂದು ಚೂರು ಕಾಗದ ತೆಗೆದರು.

"ಒಂದು ಕೆಲಸ ಮಾಡು. ನಂಗೆ ಬರಿಯೋಕೆ ಬರಲ್ಲ. ಒಂದು ಚೀಟೀಲಿ ಚೆಮ್ ಅಂತ ಬರ್ದುಕೊಡು, ಮಂತ್ರ ಹೇಳೋ ಗುರುಗಳ ತಟ್ಟೆಗೆ ಹಾಕ್ತೀನಿ. ಸತ್ತವರ ಹೆಸರಿನ ಚೀಟಿ ಜೊತೆ ಅವನದನ್ನೂ ಇವತ್ತು ಸುಡಲಿ. ನಮ್ಮಮ್ಮ ಸಾಯೋವರೆಗೂ ಇದನ್ನ ಮಾಡಿಸ್ಲಿಲ್ಲ. ಬದುಕಿರೋನ ಹೆಸರನ್ನ ಸತ್ತವರ ಜೊತೆ ಸುಟ್ರೆ ಅವನಿಗೆ ನಾವೇ ಕೊಳ್ಳಿ ಇಟ್ಟ ಹಾಗೆ ಅಂತಿದ್ದಳು. ನಾನೂ ಮಾಡಿಸಿರ್ಲಿಲ್ಲ. ಇವತ್ತು ಮಾಡಿಸ್ತೀನಿ."

ಪಿಕುನ್ ಬರೆದಳು. ಎರಡೇ ಅಕ್ಷರ.  ಅಜ್ಜಿ ಚೀಟಿಯನ್ನು ಹಣೆಗೆ ಒತ್ತಿಕೊಂಡು ಮಂಟಪದ ಕಡೆ ನಡೆದರು.

"ಪಿಕುನ್! ಪೇಟೆಯಿಂದ ಬಸ್ಸು ಬಂತು!" ಸುಮಾಲೀ ಟೀಚರ್ ಹೊಸಬರ ಗುಂಪನ್ನೇ ಕರೆತಂದರು. "ಇವಳೇ ನಮ್ಮ ಸ್ಟಾರ್ ಗೈಡ್. ಶುರು ಮಾಡಮ್ಮ."

ಪಿಕುನ್ ಬಾಯಿ ತೆರೆದಳು. ಅಷ್ಟರಲ್ಲಿ ಮೈಕಿನಲ್ಲಿ ಮಂತ್ರ ಶುರುವಾಯಿತು. ಅದು ಮುಗಿದ ಕೂಡಲೇ ಚೀಟಿಗಳಿಗೆ ಬೆಂಕಿ.

"ಟೀಚರ್, ಒಂದ್ನಿಮಿಷ," ಎಂದವಳೇ ಓಡಿದಳು.

"ಏಯ್, ಎಲ್ಲಿಗೇ?"

ಮಂಟಪದ ತುಂಬ ಜನ ಕೈಮುಗಿದು ಕೂತಿದ್ದರು. ಹಿತ್ತಾಳೆಯ ತಟ್ಟೆ ದೊಡ್ಡ ಗುರುಗಳ ಮೊಣಕಾಲಿನ ಹತ್ತಿರವೇ ಇತ್ತು. ಚೀಟಿಯನ್ನು ಎತ್ತಿಕೊಂಡು ಓಡಿಬಿಟ್ಟರೆ? ಆಗುವುದಿಲ್ಲ. ಹುಡುಗಿಯರು ಭಿಕ್ಷುಗಳ ಅಷ್ಟು ಹತ್ತಿರ ಕೈ ಚಾಚುವಂತಿಲ್ಲ. ಹಾಗೇನಾದರೂ ಮಾಡಿದರೆ ಊರೇ ಎದ್ದು ನಿಲ್ಲುತ್ತದೆ. ಒಬ್ಬ ಹುಡುಗ ಬೆಂಕಿಪೊಟ್ಟಣ ಹಿಡಿದು ಕಾಯುತ್ತಿದ್ದ.

ಉಳಿದದ್ದು ಒಂದೇ ದಾರಿ. ಪಿಕುನ್ ಮಂಡಿಯೂರಿ, ಕೂತವರ ನಡುವೆ ತೆವಳಿಕೊಂಡು ಹೋದಳು. "ಶ್ಶ್, ಏನಿದು!" ಎಂದರು ಒಬ್ಬರು. ಇನ್ನೊಬ್ಬರು ಅವಳ ಪಟ್ಟಿ ಹಿಡಿದು ಎಳೆದರು. ಅವಳು ಬಿಡಿಸಿಕೊಂಡು ಲಮೈ ಅಜ್ಜಿಯ ಕಿವಿಯ ಹತ್ತಿರ ಬಾಯಿ ತಂದಳು.

"ಅಜ್ಜಿ, ಸುಳ್ಳು. ತಾತ ಏನೂ ಹೇಳಿರಲಿಲ್ಲ. ನಾನೇ ಕಟ್ಟಿದ್ದು. ದೋಣಿ, ಮಗು, ನೀಲಿ ಅಂಗಿ, ಎಲ್ಲಾ."

ಅಜ್ಜಿಯ ಮುಗಿದ ಕೈ ಹಾಗೆಯೇ ಇತ್ತು. ಕೇಳಿಸಲಿಲ್ಲವೇನೋ ಎಂದು ಪಿಕುನ್ ಮತ್ತೆ ಹೇಳಲು ಹೊರಟಳು. ಆಗ ಅಜ್ಜಿ ತಲೆ ಎತ್ತಿದರು.

"ಗುರುಗಳೇ, ನಿಲ್ಲಿಸಿ!"

ಮಂತ್ರ ಅರ್ಧಕ್ಕೆ ನಿಂತಿತು. ಮೈಕು ಒಮ್ಮೆ ಕಿರ್ರೆಂದು ಸುಮ್ಮನಾಯಿತು.

"ನನ್ನ ಚೀಟಿ ವಾಪಸ್ ಕೊಡಿಸಿ. ಚೆಮ್ ಅಂತ ಇದೆ. ಅದನ್ನ ಸುಡಬೇಡಿ."

ದೊಡ್ಡ ಗುರುಗಳು ಏನೂ ಕೇಳಲಿಲ್ಲ. ಬೆಂಕಿಪೊಟ್ಟಣದ ಹುಡುಗನ ಕೈಯಲ್ಲಿ ಚೀಟಿಯನ್ನು ಹುಡುಕಿಸಿ ಕೊಡಿಸಿದರು. ಆದರೆ ಸುಮಾಲೀ ಟೀಚರ್ ಏದುಸಿರು ಬಿಡುತ್ತ ಬಂದು ನಿಂತಿದ್ದರು. ಅವರ ಹಿಂದೆ ಪೇಟೆಯ ಜನ.

"ಏನಾಯ್ತಜ್ಜಿ? ಈ ಹುಡುಗಿ ಏನಾದ್ರೂ ಅಂದ್ಲಾ?"

 ಅಜ್ಜಿ ಬೈಯಲಿಲ್ಲ. ಪಿಕುನ್‌ಳನ್ನು ನೋಡಿದರು, ಅಷ್ಟೇ.

ಪಿಕುನ್ ಎದ್ದು ನಿಂತಳು. 

"ಜಾಡಿ ಕತೆ ಸುಳ್ಳು," ಎಂದಳು. ಧ್ವನಿ ಸಣ್ಣದಾಗಿತ್ತು. ಆದರೆ ಮೈಕು ಪಕ್ಕದಲ್ಲೇ ಇದ್ದುದರಿಂದ ಇಡೀ ಅಂಗಳಕ್ಕೆ ಕೇಳಿಸಿತು. "ನಮ್ಮ ತಾತ ಹೇಳಿದ್ದಲ್ಲ. ನಾನು ಹೇಳಿದ್ದು. ಯಾರೂ ಮುಳುಗಿದ್ದನ್ನ ಯಾರೂ ನೋಡಿಲ್ಲ."

 ಅಂಗಳದಲ್ಲೆಲ್ಲ ಗುಜುಗುಜು.

"ಅಯ್ಯೋ ನನ್ನ ಐವತ್ತೈದೇ!" ಓಯ್ ಅತ್ತೆಯ ಕೂಗು ಎಲ್ಲಕ್ಕಿಂತ ಮೇಲೆ ಕೇಳಿಸಿತು. ಯಾರೋ ಗೊಳ್ಳೆಂದು ನಕ್ಕರು. ಇನ್ಯಾರೋ "ಸೂರಿನ ಹೆಸರಲ್ಲಿ ಮೋಸ!" ಎಂದರು. ಹಣದ ಮರದ ಮುಂದೆ ಸಾಲಿನಲ್ಲಿದ್ದ ಒಬ್ಬ ಗಂಡಸು ಕೈಯಲ್ಲಿದ್ದ ನೋಟನ್ನು ಮಡಚಿ ಜೇಬಿಗೆ ಹಾಕಿಕೊಂಡ. ಅವನ ಹಿಂದಿದ್ದವಳೂ ಸಾಲಿನಿಂದ ಹೊರಬಂದಳು. ಸಾಲು ಅಲ್ಲಲ್ಲಿ ತುಂಡಾಯಿತು.

ಸುಮಾಲೀ ಟೀಚರ್‌ರ ಮುಖ ಕೆಂಪಾಗಿ, ಆಮೇಲೆ ಬಿಳಿಚಿಕೊಂಡಿತು. ಅವರು ಮೈಕನ್ನು ಕೈಗೆ ತೆಗೆದುಕೊಂಡರು. "ಹಣ ವಾಪಸ್ ಬೇಕಾದವರು ನನ್ನ ಹತ್ರ ಬನ್ನಿ," ಎಂದರು. ಆಮೇಲೆ ಮೈಕಿಗೆ ಕೈ ಅಡ್ಡ ಹಿಡಿದು, "ಟಾವ್, ಹೋಗಿ ಆ ಫ್ಲೆಕ್ಸ್ ಇಳಿಸು. ಪಿಕುನ್, ಅಜ್ಜೀನ ಆಚೆ ದಡಕ್ಕೆ ಬಿಟ್ಟು ಬಾ. ನಿನ್ನ ಹತ್ರ ಆಮೇಲೆ ಮಾತಾಡ್ತೀನಿ," ಎಂದರು.

ಪಿಕುನ್ ಹಳದಿ ಪಟ್ಟಿಯನ್ನು ತಾನೇ ತೆಗೆದು ಮಡಚಿ ಟೀಚರ್ ಪಕ್ಕದ ಕುರ್ಚಿಯ ಮೇಲಿಟ್ಟಳು.

ಅಜ್ಜಿ ಕೊಡೆ ಬಿಚ್ಚಿ ದೋಣಿ ಕಡವಿನ ಕಡೆ ಹೊರಟರು. ಪಿಕುನ್ ಚೀಲ ಹೊತ್ತು ಹಿಂದೆ ನಡೆದಳು. ಬೈದರೆ ಎಷ್ಟೋ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ. ದೋಣಿಯಲ್ಲಿ ಕೂತ ಮೇಲೆ ಅವಳೇ ಕೇಳಿದಳು.

"ಅಜ್ಜಿ, ಕೋಪ ಬಂದಿದೆಯಾ?"

"ಬರದೆ ಇರುತ್ತಾ?" ಎಂದರು ಅಜ್ಜಿ. "ಬೆಳಿಗ್ಗೆ ಅವನೇನಾದ ಅಂತ ನಂಗೆ ಗೊತ್ತಾಗಿಬಿಟ್ಟಿತ್ತು ಅಂದ್ಕೊಂಡಿದ್ದೆ. ಅತ್ತೂಬಿಟ್ಟಿದ್ದೆ. ಈಗ ಮತ್ತೆ ಏನೂ ಗೊತ್ತಿಲ್ಲದ ಹಾಗಾಯ್ತು."

 ಅಜ್ಜಿಯ ಮುಷ್ಟಿಯಲ್ಲಿ ಚೀಟಿ ಇನ್ನೂ ಇತ್ತು. ಅವರು ಅದನ್ನು ಬಿಡಿಸಿ, ತೊಡೆಯ ಮೇಲೆ ಸವರಿ ನೇರ ಮಾಡಿ, ಕುಪ್ಪಸದೊಳಗೆ ಇಟ್ಟುಕೊಂಡರು.

ದೋಣಿ ನಡು ನೀರಿಗೆ ಬಂತು. ಆಚೆ ದಡದಿಂದ ಇನ್ನೊಂದು ದೋಣಿ ಹಬ್ಬಕ್ಕೆ ಬರುವ ಜನರನ್ನು ತುಂಬಿಕೊಂಡು ಎದುರಾಯಿತು. ಅಜ್ಜಿ ಕೊಡೆಯನ್ನು ಸ್ವಲ್ಪ ಸರಿಸಿ, ಅದರಲ್ಲಿದ್ದವರ ಮುಖಗಳನ್ನು ಒಂದೊಂದಾಗಿ ನೋಡತೊಡಗಿದರು.

ಪಿಕುನ್ ಅಜ್ಜಿಯ ಕಣ್ಣು ಹೋದ ಕಡೆಗೇ ನೋಡಿದಳು. ಮುಂದೆ ಇಬ್ಬರು ಮುದುಕರು ಕೂತಿದ್ದರು. ಅಜ್ಜಿಯ ಕಣ್ಣು ಅವರ ಮೇಲೆ ನಿಲ್ಲಲಿಲ್ಲ, ಅವರನ್ನು ದಾಟಿ ಹೋಯಿತು. ಹಿಂದೆ, ದೋಣಿಯ ತುದಿಯಲ್ಲಿ, ಹದಿನೆಂಟರ ಆಸುಪಾಸಿನ ಒಬ್ಬ ಹುಡುಗ ನಿಂತಿದ್ದ. ಗಾಳಿಗೆ ಕೂದಲು ಹಾರುತ್ತಿತ್ತು. ಅಜ್ಜಿ ಅವನನ್ನೇ ನೋಡಿದರು. ದೋಣಿ ದಾಟಿ ಹೋಗುವವರೆಗೂ ಕತ್ತು ತಿರುಗಿಸಿ ನೋಡಿದರು.

ಪಿಕುನ್ ಅಜ್ಜಿಯ ಪಕ್ಕಕ್ಕೆ ಇನ್ನಷ್ಟು ಸರಿದು ಕೂತಳು. ಮುಂದಿನ ದೋಣಿ ಬಂದಾಗ ಅವಳೂ ನೋಡಿದಳು.